‘ಅನುಮಾನ’ಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ?

ಕನ್ನಡದ ಹೇಳಿಕೆಗಳನ್ನು ಇಂಗ್ಲಿಷ್‌ಗೆ ಅನುವಾದಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ನಾನು ಒಬ್ಬರ ಮಾತಿನ ಅರ್ಥವನ್ನು ತಲೆಕೆಳಗು ಮಾಡಿಟ್ಟಿದ್ದೆ. ಉಗ್ರಾಣವೊಂದರ ಕಳವಿನ ವಿಚಾರಣೆಯಲ್ಲಿ ಕಾವಲುಗಾರರು, ‘ಆಮೇಲೆ ಯಾರೋ ಬೀಗ ಬದಲಾಯಿಸಿದ್ದಾರೆ ಅಂತ ನನಗೆ ಅನುಮಾನ’ ಎಂದಿದ್ದರು. ನಾನು ‘ಐ ಡೌಟ್ ದಟ್ ಸಮ್‌ಒನ್ ಚೇಂಜ್ಡ್ ದ ಲಾಕ್’ ಎಂದು ಬರೆದೆ. ಕರಡು ನೋಡುತ್ತಿದ್ದ ಹಿರಿಯರು ಪೆನ್ಸಿಲನ್ನು ಆ ಸಾಲಿನ ಮೇಲಿಟ್ಟು, ‘ಇವರು ಬೀಗ ಬದಲಾಗಿದೆ ಅನ್ನುತ್ತಿದ್ದಾರೋ, ಇಲ್ಲ ಅನ್ನುತ್ತಿದ್ದಾರೋ?’ ಎಂದು ಕೇಳಿದರು.

‘ಡೌಟ್ ದಟ್’ ಎಂದರೆ ಅದು ನಡೆದಿರಲಿಕ್ಕಿಲ್ಲ ಎಂಬ ಕಡೆಗೆ ಮನಸ್ಸು ವಾಲಿದೆ ಎಂದರ್ಥ. ‘ಸಸ್ಪೆಕ್ಟ್ ದಟ್’ ಎಂದರೆ ನಡೆದಿರಬೇಕು ಎಂಬ ಕಡೆಗೆ. ನಮ್ಮ ‘ಅನುಮಾನ’ ಎರಡು ಕಡೆಗೂ ಸಲ್ಲುತ್ತದೆ, ಆದರೆ ವಾಕ್ಯದ ಕಟ್ಟು ಗುಟ್ಟು ಬಿಟ್ಟುಕೊಡುತ್ತದೆ. ‘ಅವನು ಬರುವುದು ಅನುಮಾನ’ ಎಂದಾಗ ಬರಲಿಕ್ಕಿಲ್ಲ ಎಂದರ್ಥವಾದರೆ, ‘ಅವನೇ ಕದ್ದಿದ್ದಾನೆ ಅಂತ ಅನುಮಾನ’ ಎಂದಾಗ ಕದ್ದಿರಬೇಕು ಎಂದೇ ಅರ್ಥ. ನ್ಯಾಯವೆಂಬ ಭಾರತೀಯ ತರ್ಕಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದಕ್ಕೂ ಅನುಮಾನವೆಂದೇ ಹೆಸರಿರುವುದರಿಂದ, ಈ ಎರಡನೆಯ ಬಳಕೆ ನನಗೆ ವಿಚಿತ್ರವೆನಿಸುವುದಿಲ್ಲ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಡೌಟ್’ ಎಂಬುದು ಇಂದಿಗೂ ‘ಹಾಗೇ ಇರಬೇಕು’ ಎಂಬ ಅರ್ಥ ಕೊಡುತ್ತದೆಂದು ಆಮೇಲೆ ತಿಳಿಯಿತು. ನನ್ನ ಅನುವಾದವನ್ನು ಅಲ್ಲಿ ಯಾರಾದರೂ ಒಪ್ಪುತ್ತಿದ್ದರೇನೋ!

ಅಂದಿನಿಂದ ನಾನು ಇಂಗ್ಲಿಷ್ ಪದ ಹುಡುಕುವ ಮೊದಲು ಕನ್ನಡ ವಾಕ್ಯವನ್ನೇ ಇನ್ನೊಂದು ರೀತಿ ಹೇಳಿ ನೋಡುತ್ತೇನೆ. ‘-ಲಿಕ್ಕಿಲ್ಲ’ ಒಗ್ಗಿದರೆ ‘ಡೌಟ್’, ‘-ಇರಬೇಕು’ ಒಗ್ಗಿದರೆ ‘ಸಸ್ಪೆಕ್ಟ್’. ನಿಘಂಟು ತೆರೆದರೆ ಎರಡೂ ಪದಗಳು ಅಕ್ಕಪಕ್ಕ ಕುಳಿತಿರುತ್ತವೆ, ಆಯ್ಕೆಗೆ ಅದರಿಂದ ಹೆಚ್ಚು ನೆರವಾಗದು.

ಇದೇ ಉಪಾಯ ‘ಫ್ಯೂ’ ಮತ್ತು ‘ಎ ಫ್ಯೂ’ಗಳ ವಿಷಯದಲ್ಲಿಯೂ ಒದಗಿತು. ‘ಸಭೆಗೆ ಕೆಲವರು ಬಂದಿದ್ದರು’ ಎಂಬುದು ‘ಎ ಫ್ಯೂ’. ‘ಬಂದವರು ಕೆಲವರೇ’ ಎಂದು ಕೊರತೆಯನ್ನು ಎತ್ತಿ ಹೇಳಿದರೆ ‘ಫ್ಯೂ’. ಅವರು ‘ಎ’ ಬಿಟ್ಟು ಸೂಚಿಸುವುದನ್ನು ನಾವು ಏಕಾರ ಸೇರಿಸಿ ಸೂಚಿಸುತ್ತೇವೆ. ‘ಬೈ’ ಮತ್ತು ‘ಅಂಟಿಲ್’ಗಳಲ್ಲಂತೂ ಗೊಂದಲವೇ ಬೇಕಿಲ್ಲ: ಶುಕ್ರವಾರದೊಳಗೆ ಕೊಡುವುದು ‘ಬೈ’, ಶುಕ್ರವಾರದ ತನಕ ಕಾಯುವುದು ‘ಅಂಟಿಲ್’.

ಕಷ್ಟವಾಗುವುದು ಕನ್ನಡವೇ ಕಡೆ ತೋರಿಸದಿದ್ದಾಗ. ‘ಬೀಗದ ಬಗ್ಗೆ ನನಗೆ ಅನುಮಾನವಿದೆ’ ಎಂದಷ್ಟೇ ಇದ್ದರೆ, ಸಾಧ್ಯವಿದ್ದಲ್ಲಿ ಹೇಳಿದವರನ್ನೇ ಮತ್ತೆ ಕೇಳಿಸುತ್ತೇನೆ. ಸಾಧ್ಯವಿಲ್ಲದಾಗ ‘ಐ ಹ್ಯಾವ್ ಡೌಟ್ಸ್ ಅಬೌಟ್ ದ ಲಾಕ್’ ಎಂದು ನಾಮಪದದಲ್ಲೇ ನಿಲ್ಲಿಸುತ್ತೇನೆ, ಏಕೆಂದರೆ ಆ ರೂಪ ಬೀಗ ಬದಲಾಯಿತೆಂದೂ ಹೇಳುವುದಿಲ್ಲ, ಬದಲಾಗಲಿಲ್ಲವೆಂದೂ ಹೇಳುವುದಿಲ್ಲ.