ಕ್ರಿಪ್ಟೋ ಕಳಿಸುವಾಗ ವಿಳಾಸದ ನಡುಭಾಗವನ್ನೂ ನೋಡಿ

ಹವ್ಯಾಸಕ್ಕೆ ಕ್ರಿಪ್ಟೋ ಕೊಂಡು ಮಾರುವವರಿಗೆ ಒಂದು ಮಾತು. ವ್ಯಾಲೆಟ್ ವಿಳಾಸವನ್ನು, ಅಂದ್ರೆ ಕ್ರಿಪ್ಟೋ ಯಾರಿಗೆ ಹೋಗಬೇಕೆಂದು ಹೇಳುವ ಉದ್ದನೆಯ ಅಕ್ಷರಸಾಲನ್ನು, ಹಳೆಯ ವಹಿವಾಟಿನ ಪಟ್ಟಿಯಿಂದ ಕಾಪಿ ಮಾಡಬೇಡಿ. ನಿಮ್ಮ ಗೆಳೆಯರ ವಿಳಾಸದಂತೆಯೇ ಕಾಣುವ ಇನ್ನೊಂದನ್ನು ಮೋಸಗಾರರು ತಯಾರಿಸುತ್ತಾರೆ. ಅದರಿಂದ ಚಿಲ್ಲರೆ ಮೊತ್ತ ಕಳಿಸಿ ಸುಮ್ನೆ ಆ ಪಟ್ಟಿಗೆ ಸೇರಿಕೊಳ್ಳುತ್ತಾರೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಒಂದೇ ಇರುತ್ತವೆ, ನಡುವೆ ಪೂರ್ತಿ ಬೇರೆ! ಇಥೀರಿಯಂ ಎಂಬ ಕ್ರಿಪ್ಟೋ ಜಾಲದ ವಿಳಾಸದಲ್ಲಿ ಶುರುವಿನ '0ಎಕ್ಸ್' ಬಿಟ್ಟು 40 ಅಕ್ಷರಗಳಿರುತ್ತವೆ. ನಾನು ನಡುವಿನ ಆರೇಳನ್ನೂ ಬಾಯಿಬಿಟ್ಟು ಓದಿ ಹೋಲಿಸುತ್ತೇನೆ, ಅದೂ ಪೇಸ್ಟ್ ಮಾಡಿದ ಮೇಲೆ. ಯಾಕಂದ್ರೆ ಕಾಪಿ ಮಾಡಿದ ವಿಳಾಸವನ್ನೇ ಬದಲಿಸುವ ವೈರಸ್‌ಗಳೂ ಇವೆ. ಕಳಿಸುವವರು, ಪಡೆಯುವವರು ಎರಡೂ ಕಡೆ ಆರಿಸುವ ಕ್ರಿಪ್ಟೋ ನೆಟ್‌ವರ್ಕ್ ಒಂದೇ ಇರಲಿ. ಮೊದಲು ಸ್ವಲ್ಪವೇ ಕಳಿಸಿ, ತಲುಪಿದ ಮೇಲೆ ಉಳಿದದ್ದು. ಶುಲ್ಕ ಎರಡು ಸಲ ಹೋಗುತ್ತೆ, ಹೋಗಲಿ ಬಿಡಿ. ಬ್ಲಾಕ್‌ಚೈನ್‌ನಲ್ಲಿ, ಅಂದ್ರೆ ಕ್ರಿಪ್ಟೋ ವಹಿವಾಟುಗಳ ದಾಖಲೆಯಲ್ಲಿ, ದೃಢಪಟ್ಟ ವಹಿವಾಟನ್ನು ವಾಪಸ್ ಮಾಡಿಸೋಕೆ ಆಗಲ್ಲ ಅಲ್ವಾ.