ಬ್ರೌಸರ್ ಗೇಮಿಗೆ ಎಷ್ಟು ಫ್ರೇಮ್ ಬೇಕು?

ಬ್ರೌಸರಿನಲ್ಲಿ ಆಡುವ ಪುಟ್ಟ ಗೇಮ್ ಒಂದನ್ನು ಬರೆದಿದ್ದೀರಿ ಎಂದುಕೊಳ್ಳಿ. ಒಂದು ಚೆಂಡು, ಒಂದು ಬ್ಯಾಟು, ಮೇಲೆ ಒಂದಷ್ಟು ಇಟ್ಟಿಗೆಗಳು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆಂಡಿನ ಓಟ ಹದವಾಗಿದೆ. ಅದೇ ಗೇಮನ್ನು ಗೆಳೆಯರ ಹೊಸ ಫೋನಿನಲ್ಲಿ ತೆರೆದರೆ ಚೆಂಡಿನ ವೇಗ ಇಮ್ಮಡಿ! ಕೋಡ್ ಅದೇ, ಬದಲಾಗಿದ್ದು ಸ್ಕ್ರೀನ್. ಲ್ಯಾಪ್‌ಟಾಪ್ ಸೆಕೆಂಡಿಗೆ 60 ಸಲ ಹೊಸ ಚಿತ್ರ (ಅಂದರೆ ಫ್ರೇಮ್) ತೋರಿಸಿದರೆ, ಆ ಫೋನ್ 120 ಸಲ ತೋರಿಸುತ್ತದೆ. ಹಾಗಾಗಿ ಫ್ರೇಮ್ ರೇಟ್ ಎಷ್ಟಿರಬೇಕು ಎಂದು ಯೋಚಿಸುವ ಮೊದಲೇ ಒಂದು ಕೆಲಸ ಮುಗಿಸಿಕೊಳ್ಳಬೇಕು. ಆಟದ ವೇಗಕ್ಕೂ ಫ್ರೇಮುಗಳ ಎಣಿಕೆಗೂ ಇರುವ ಗಂಟನ್ನು ಬಿಚ್ಚಬೇಕು.

ಟೈಮರ್ ಬಿಡಿ

ನಿಗದಿತ ಅಂತರದಲ್ಲಿ ಕೋಡನ್ನು ಮತ್ತೆಮತ್ತೆ ಓಡಿಸುವ ಸೆಟ್‌ಇಂಟರ್ವಲ್‌ಗೆ 16 ಅಥವಾ 17 ಮಿಲಿಸೆಕೆಂಡ್ ಕೊಟ್ಟು ಚಿತ್ರ ಬಿಡಿಸುವ ರೂಢಿಯನ್ನು ಕೈಬಿಡಿ. 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ ತೋರಿಸುವ) ಸ್ಕ್ರೀನಿನಲ್ಲಿ ಒಂದು ಫ್ರೇಮಿಗೆ ಸಿಗುವುದು 16.67 ಮಿಲಿಸೆಕೆಂಡ್. ಟೈಮರಿಗೂ ಸ್ಕ್ರೀನಿಗೂ ಹೊಂದಿಕೆ ಸ್ವಲ್ಪಸ್ವಲ್ಪವೇ ತಪ್ಪುತ್ತ ಹೋಗಿ, ಆಗಾಗ ಒಂದು ಫ್ರೇಮ್ ಹಾರಿಹೋಗುತ್ತದೆ, ಇಲ್ಲವೇ ಹಳೆಯ ಚಿತ್ರವೇ ಇನ್ನೊಂದು ಫ್ರೇಮ್ ಉಳಿಯುತ್ತದೆ. ಕಣ್ಣಿಗೆ ಅದು ಜರ್ಕ್ ಹೊಡೆದಂತೆ ಕಾಣುತ್ತದೆ.

ಇದಕ್ಕೆಂದೇ ಇರುವುದು ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್. ಬ್ರೌಸರ್ ಮುಂದಿನ ಚಿತ್ರ ಬಿಡಿಸುವುದಕ್ಕೆ ಮುಂಚೆ ನಿಮ್ಮ ಫಂಕ್ಷನ್ನನ್ನು ಕರೆಯುತ್ತದೆ, ಆ ಹೊತ್ತಿನ ಸಮಯವನ್ನೂ ಕೊಡುತ್ತದೆ. ಆಡುವವರು ಬೇರೆ ಟ್ಯಾಬಿಗೆ ಹೋದರೆ ಕರೆ ನಿಲ್ಲುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ವೇಗವನ್ನು ಸೆಕೆಂಡಿನಲ್ಲಿ ಬರೆಯಿರಿ

ಚೆಂಡು ಫ್ರೇಮಿಗೆ 5 ಪಿಕ್ಸೆಲ್ ಚಲಿಸಲಿ ಎಂದು ಬರೆದಿದ್ದರೆ 60 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, 120ರಲ್ಲಿ 600 ಪಿಕ್ಸೆಲ್ ಆಗುತ್ತದೆ. ಅದರ ಬದಲು ವೇಗ ಸೆಕೆಂಡಿಗೆ 300 ಎಂದೇ ಇಟ್ಟುಕೊಳ್ಳಿ. ಹಿಂದಿನ ಕರೆಯಿಂದ ಈ ಕರೆಗೆ ಎಷ್ಟು ಸೆಕೆಂಡ್ ಕಳೆಯಿತೋ ಅದರಿಂದ ಗುಣಿಸಿ. ಆಗ ಚೆಂಡು 60ರಲ್ಲಿ ಫ್ರೇಮಿಗೆ 5, 120ರಲ್ಲಿ 2.5, 30ರಲ್ಲಿ 10 ಪಿಕ್ಸೆಲ್ ಸರಿಯುತ್ತದೆ. 600 ಪಿಕ್ಸೆಲ್ ಅಗಲದ ಮೈದಾನವನ್ನು ಯಾವ ಸಾಧನದಲ್ಲಾದರೂ 2 ಸೆಕೆಂಡಿನಲ್ಲೇ ದಾಟುತ್ತದೆ.

ಇಲ್ಲೊಂದು ಅಪಾಯ ಇದೆ. ಆಟದ ನಡುವೆ ಯಾರೋ 10 ಸೆಕೆಂಡ್ ಬೇರೆ ಟ್ಯಾಬ್ ನೋಡಿ ಬಂದರೆ, ಮೊದಲ ಕರೆಯಲ್ಲೇ ಚೆಂಡು 3000 ಪಿಕ್ಸೆಲ್ ಜಿಗಿದು ಗೋಡೆಯಾಚೆ ಮಾಯವಾಗುತ್ತದೆ. ಕಳೆದ ಸಮಯ ಎಷ್ಟೇ ಬರಲಿ, 0.1 ಸೆಕೆಂಡಿಗಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯಬೇಡಿ. ಆದರೂ ಒಂದೇ ಏಟಿಗೆ 30 ಪಿಕ್ಸೆಲ್ ಸರಿದರೆ 20 ಪಿಕ್ಸೆಲ್ ದಪ್ಪದ ಇಟ್ಟಿಗೆಯನ್ನು ತಾಗದೆಯೇ ದಾಟಿಬಿಡಬಹುದು. ಡಿಕ್ಕಿಯೇ ಮುಖ್ಯವಾದ ಆಟಗಳಲ್ಲಿ ಇದಕ್ಕೆ ಪರಿಹಾರ ಸ್ಥಿರ ಹೆಜ್ಜೆ. ಕಳೆದ ಸಮಯವನ್ನು ಒಂದು ವೇರಿಯೇಬಲ್‌ನಲ್ಲಿ ಕೂಡಿಹಾಕಿ, ಅದರಲ್ಲಿ ಸೆಕೆಂಡಿನ 120ನೇ ಒಂದು ಭಾಗದ ಹೆಜ್ಜೆಗಳು ಎಷ್ಟಿವೆಯೋ ಅಷ್ಟು ಸಲ ಚಲನೆ ಮತ್ತು ಡಿಕ್ಕಿಯ ಲೆಕ್ಕ ಮಾಡಿ, ಉಳಿದ ಚೂರನ್ನು ಮುಂದಿನ ಫ್ರೇಮಿಗೆ ಬಿಡಿ. ಚಿತ್ರ ಬಿಡಿಸುವುದು ಮಾತ್ರ ಫ್ರೇಮಿಗೆ ಒಂದೇ ಸಲ. ಸಣ್ಣ ಆಟಕ್ಕೂ ಈ ಶ್ರಮ ಬೇಕು ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಬರೆದಿಟ್ಟರೆ ಮುಂದಿನ ಎಲ್ಲ ಗೇಮಿಗೂ ಅದೇ ಕೋಡ್ ಸಾಕು.

ಈಗ ಸಂಖ್ಯೆ ಆರಿಸಿ

ಬೆರಳು ಅಥವಾ ಮೌಸನ್ನು ಹಿಂಬಾಲಿಸುವ ವಸ್ತು, ವೇಗವಾಗಿ ಓಡುವ ಚೆಂಡು ಇದ್ದರೆ ಸ್ಕ್ರೀನ್ ಕೊಡುವಷ್ಟೂ ಫ್ರೇಮ್ ಬಳಸಿ. ಚೌಕಾಬಾರ, ಸುಡೊಕು ಥರದ ಆಟಕ್ಕೆ ಪ್ರತಿ ಫ್ರೇಮಿಗೂ ಬಿಡಿಸುವ ಲೂಪ್ ಬೇಕಾಗಿಯೇ ಇಲ್ಲ. ಏನಾದರೂ ಬದಲಾದಾಗ ಮಾತ್ರ ಬಿಡಿಸಿದರೆ ಆಯಿತು.

ನಡೆಯುವ ಪಾತ್ರದ ಕೈಕಾಲಿನ ಚಿತ್ರಗಳಿಗೆ ಸೆಕೆಂಡಿಗೆ 12 ಧಾರಾಳ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಕೈಯಲ್ಲಿ ಚಿತ್ರ ಬಿಡಿಸುವ ಅನಿಮೇಟರುಗಳು ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಉಳಿಸುವುದು ಹಳೆಯ ಪದ್ಧತಿ. ಆದರೆ ಆ ಪಾತ್ರ ಜಾಗ ಬದಲಿಸುವುದು ಪೂರ್ಣ ವೇಗದಲ್ಲೇ ಇರಲಿ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಚಿತ್ರಪಟ್ಟಿಯನ್ನು ಓಡಿಸಲು ಸ್ಟೆಪ್ಸ್ ಎಂಬ ಸೌಲಭ್ಯ ಇದೆ.

ಫ್ರೇಮ್ ಕಡಿಮೆ ಮಾಡುವುದಾದರೆ ಸ್ಕ್ರೀನಿನ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವುದನ್ನೇ ಆರಿಸಿ. 60ಕ್ಕೆ 30, 20, 15, 12 ಹೊಂದುತ್ತವೆ. 24 ಆರಿಸಿದರೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಉಳಿದು ಓಟ ಕುಂಟುತ್ತದೆ. ಅದೇ 24 ಫ್ರೇಮ್ 120 ಹರ್ಟ್ಸ್‌ನಲ್ಲಿ ನಯವಾಗಿರುತ್ತದೆ. 30 ಆರಿಸಿದರೆ 60, 90, 120 ಮೂರಕ್ಕೂ ಸರಿಹೊಂದುತ್ತದೆ. ಅಗ್ಗದ ಫೋನಿನಲ್ಲಿ 40ಕ್ಕೂ 60ಕ್ಕೂ ನಡುವೆ ಓಲಾಡುವ ಆಟಕ್ಕಿಂತ, ಕದಲದೆ 30ರಲ್ಲಿ ನಿಲ್ಲುವ ಆಟವೇ ಮೇಲು. ಐಫೋನಿನಲ್ಲಿ ಲೋ ಪವರ್ ಮೋಡ್ ಹಾಕಿದರೆ ಸಫಾರಿ ತಾನಾಗಿಯೇ 30ಕ್ಕೆ ಇಳಿಸುತ್ತದೆ. ಹಾಗಾಗಿ ಆ ವೇಗದಲ್ಲೂ ಆಡಿ ನೋಡಲೇಬೇಕು.

30ಕ್ಕೆ ಇಳಿಸುವಾಗ 33.3 ಮಿಲಿಸೆಕೆಂಡ್ ಕಳೆಯಿತೇ ಎಂದು ಕಟ್ಟುನಿಟ್ಟಾಗಿ ಕೇಳಬೇಡಿ. ಕರೆ 33.2ಕ್ಕೆ ಬಂದರೆ ನಿಮ್ಮ ಕೋಡ್ ಅದನ್ನು ಬಿಟ್ಟು 50ಕ್ಕೆ ಬಿಡಿಸುತ್ತದೆ! ಒಂದು ಮಿಲಿಸೆಕೆಂಡ್ ಸಡಿಲ ಇರಲಿ.

ಸಮಯದ ಬಜೆಟ್

16.67 ಮಿಲಿಸೆಕೆಂಡಿನಲ್ಲಿ ಬ್ರೌಸರ್ ತನ್ನ ಕೆಲಸವನ್ನೂ ಮುಗಿಸಬೇಕು. ನಿಮ್ಮ ಕೋಡ್ 10ರೊಳಗೆ ಮುಗಿದರೆ ನಿರಾಳ. 120 ಹರ್ಟ್ಸ್ ಸ್ಕ್ರೀನಿನಲ್ಲಂತೂ ಒಟ್ಟು ಸಿಗುವುದೇ 8.33. ತಡವಾದ ಚಿತ್ರದ ಗತಿ ಬಸ್ ತಪ್ಪಿಸಿಕೊಂಡವರದ್ದೇ. ಒಂದೇ ಮಿಲಿಸೆಕೆಂಡ್ ತಡವಾದರೂ ಮುಂದಿನದಕ್ಕೆ ಕಾಯಬೇಕು. ಪುಟದ ವಸ್ತುಗಳನ್ನು ಸರಿಸಲು ಸಿಎಸ್‌ಎಸ್‌ನ ಲೆಫ್ಟ್, ಟಾಪ್ ಬೆಲೆಗಳನ್ನು ಬದಲಿಸಿದರೆ ಬ್ರೌಸರ್ ಪುಟದ ಜೋಡಣೆಯನ್ನು ಮತ್ತೆ ಲೆಕ್ಕಹಾಕಬೇಕಾಗುತ್ತದೆ. ಜಾಗ ಬದಲಿಸುವ ಟ್ರಾನ್ಸ್‌ಫಾರ್ಮ್‌ಗೂ ಪಾರದರ್ಶಕತೆ ಬದಲಿಸುವ ಒಪಾಸಿಟಿಗೂ ಆ ಹೊರೆ ಇಲ್ಲ.

ಕ್ರೋಮ್ ಬ್ರೌಸರಿನಲ್ಲೇ ಇರುವ ಪರೀಕ್ಷಾ ಸಲಕರಣೆ ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯುವನ್ನು 4 ಅಥವಾ 6 ಪಟ್ಟು ನಿಧಾನಿಸಿ ಪರೀಕ್ಷಿಸಬಹುದು. ಸಾಧ್ಯವಾದರೆ ಮನೆಯಲ್ಲಿರುವ ಹಳೆಯ ಆಂಡ್ರಾಯ್ಡ್ ಫೋನಿನಲ್ಲೇ ಆಡಿ ನೋಡಿ, ಅದಕ್ಕಿಂತ ನಿಖರವಾದ ಪರೀಕ್ಷೆ ಬೇರೆ ಇಲ್ಲ.

ಚಲನೆ ಕಂಡರೆ ತಲೆ ಸುತ್ತುವವರು, ವಾಕರಿಕೆ ಬರುವವರು ಇದ್ದಾರೆ. ಅವರು ತಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನಿಮೇಷನ್ ಕಡಿಮೆ ಮಾಡಿರುತ್ತಾರೆ. ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್ ಎಂಬ ಮೀಡಿಯಾ ಕ್ವೆರಿಯಿಂದ (ಸಾಧನದ ಸೆಟ್ಟಿಂಗನ್ನು ಕೇಳುವ ಸಿಎಸ್‌ಎಸ್ ಪ್ರಶ್ನೆ) ಅದು ನಿಮ್ಮ ಪುಟಕ್ಕೂ ತಿಳಿಯುತ್ತದೆ. ಅಂಥವರಿಗೆ ಫ್ರೇಮ್ ಇಳಿಸಿದರೆ ಪ್ರಯೋಜನವಿಲ್ಲ. ಜಾರುವ ಹಿನ್ನೆಲೆ, ನಡುಗುವ ಸ್ಕ್ರೀನ್, ತಾನಾಗಿ ತಿರುಗುವ ಅಲಂಕಾರಗಳನ್ನು ಪೂರ್ತಿ ನಿಲ್ಲಿಸಿ, ಆಟಕ್ಕೆ ಬೇಕೇಬೇಕಾದ ಚಲನೆಯನ್ನಷ್ಟೇ ಉಳಿಸಿ.