ಅರ್ಧ ಬರೆದು ಮಡಚುವ ರೋಮನ್ ಬಳ್ಳಿ

ಹಳೆಯ ಫ್ರೆಂಚ್ ಅಲಂಕಾರ ಚಿತ್ರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಜಾಣತನ. ಹಾಳೆಯ ನಡುವೆ ನೆಟ್ಟಗೊಂದು ಗೆರೆ. ಎಷ್ಟೋ ಹಾಳೆಗಳಲ್ಲಿ ಅದರ ಎಡಕ್ಕೆ ಒಂದು ವಿನ್ಯಾಸ, ಬಲಕ್ಕೆ ಇನ್ನೊಂದು. ಮಾಡಿಸುವವರು ಬೇಕಾದ್ದನ್ನು ಆರಿಸಿಕೊಳ್ಳಲಿ ಅಂತ. ಇಡೀ ಚಿತ್ರವನ್ನು ಎರಡು ಸಲ ಬರೆಯುವ ಕೆಲಸ ಉಳಿಯಿತಲ್ವಾ!

ನಾನು ಕೈ ಪಳಗಿಸಿಕೊಂಡಿದ್ದು ಪರ್ಸಿಯೆ ಮತ್ತು ಫೋಂತೇನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜೋಡಿಯ ಅಚ್ಚುಚಿತ್ರಗಳಿಂದ. ಇಬ್ಬರೂ ರೋಮಿನಲ್ಲಿ ಕಲಿತವರು. 1800ರ ಹೊತ್ತಿಗೆ ನೆಪೋಲಿಯನ್ ಬೊನಪಾರ್ಟೆ ದಂಪತಿಯ ಮಾಲ್ಮೇಸನ್ ಮನೆಯನ್ನು ಸಿಂಗರಿಸಿದವರೂ ಇವರೇ. ಇವರ ಅಚ್ಚುಗಳಲ್ಲಿ ಬರೀ ಹೊರಗೆರೆ. ನೆರಳಿನ ಮರೆಯಿಲ್ಲ, ಹಾಗಾಗಿ ಗೆರೆ ಎಲ್ಲಿ ಸೋತರೂ ಕಾಣುತ್ತದೆ.

ರೋಮಿನ ಆರಾ ಪಾಕಿಸ್ ಬಲಿಪೀಠದ ಅಕ್ಯಾಂಥಸ್ (ಅಂಚು ಸೀಳಿದ ದೊಡ್ಡ ಎಲೆಗಳ ಗಿಡ) ಬಳ್ಳಿ ನನ್ನ ಮೆಚ್ಚಿನ ವಿಷಯ. ಬುಡದಲ್ಲಿ ಎಲೆಗಳ ದಟ್ಟ ಗುಂಪು, ಮೇಲೆ ಸುರುಳಿಗಳು, ತುದಿಯಲ್ಲಿ ಹಂಸಗಳು. ತೆಳು ಗೆರೆ ಬರುವ ಗಟ್ಟಿ 2ಎಚ್ ಪೆನ್ಸಿಲ್ಲಿನಲ್ಲಿ ಮೊದಲು ಕಾಂಡದ ಸುರುಳಿ ಮಾತ್ರ ಎಳೆಯುತ್ತೇನೆ. ಕವಲು ಕಾಂಡಕ್ಕೆ ಅಡ್ಡ ಚುಚ್ಚಿದ ಹಾಗಿರಬಾರದು, ಅದರಿಂದಲೇ ಜಾರಿ ಹೊರಬಂದ ಹಾಗಿರಬೇಕು. ಆ ಜಾಗಕ್ಕೊಂದು ಎಲೆಯ ತೊಟ್ಟಿಲು. ಆಮೇಲೆ ಎಲೆಯ ನಡುನರ, ಕೊನೆಗೆ ಅಂಚಿನ ಹಾಲೆಗಳು. ಎರಡು ಹಾಲೆ ಕೂಡುವಲ್ಲಿ ಕಣ್ಣೀರ ಹನಿಯಂಥ ಸಣ್ಣ ತೂತು. ಎಲೆಗೆ ಜೀವ ಬರುವುದೇ ಅದರಿಂದ. ಕಲ್ಲಿನಲ್ಲಿ ಬಳ್ಳಿ ತುಂಬಿಕೊಂಡಿರುತ್ತದೆ. ಫ್ರೆಂಚ್ ಮಾದರಿಗೆ ಅದನ್ನು ತೆಳ್ಳಗೆ ಮಾಡಿ ಖಾಲಿ ಜಾಗ ಜಾಸ್ತಿ ಬಿಡುತ್ತೇನೆ.

ಎರಡೂ ಕಡೆ ಒಂದೇ ವಿನ್ಯಾಸ ಬೇಕಾದರೆ ಟ್ರೇಸಿಂಗ್ ಪೇಪರ್ ಮಡಚಿ ಉಜ್ಜಿದರೆ ಸಾಕು. ಆದರೆ ನೆರಳನ್ನು ಹಾಗೆ ಮಡಚಲಾಗದು. ಬೆಳಕು ಎಡ ಮೇಲಿನಿಂದ ಬೀಳುತ್ತದೆ ಅನ್ನುವುದು ವಾಡಿಕೆ. ಬಳ್ಳಿಯ ಎರಡು ಬದಿಗೆ ಎದುರುಬದುರಾಗಿ ಗ್ರಿಫಿನ್ (ಸಿಂಹದ ಮೈ, ಹದ್ದಿನ ತಲೆ, ರೆಕ್ಕೆಯ ಕಲ್ಪಿತ ಪ್ರಾಣಿ) ಬರೆದೆವು ಅನ್ನಿ. ಎಡಗಡೆಯದಕ್ಕೆ ಬೆನ್ನ ಮೇಲೆ ಬೆಳಕು ಬಿದ್ದರೆ, ಅದರೆದುರು ಕೂತ ಜೋಡಿಗೆ ಎದೆಯ ಮೇಲೆ. ಅದಕ್ಕೇ ಬೂದು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹಾಕುವಾಗ ಪ್ರತಿ ಅರ್ಧವನ್ನೂ ಹೊಸದಾಗಿ ಯೋಚಿಸುತ್ತೇನೆ. ಸುಮ್ನೆ ಕನ್ನಡಿ ನೆರಳು ಹಾಕಿದರೆ ನಡುವೆ ದೀಪ ಇಟ್ಟ ಹಾಗೆ ಕಾಣುತ್ತದೆ.

1754ರಿಂದ 1765ರವರೆಗೆ ರೋಮಿನಲ್ಲಿದ್ದ ಫ್ರೆಂಚ್ ಚಿತ್ರಕಾರ ಹ್ಯೂಬರ್ ರೊಬೇರ್ ಈ ಕನ್ನಡಿಯಾಟವನ್ನು ಬೇರೆ ಥರ ಆಡಿದ. ಕೆಂಪು ಚಾಕಿನಲ್ಲಿ ಬರೆದ ಪಾಳುಗಟ್ಟಡಗಳ ಚಿತ್ರದ ಮೇಲೆ ಒದ್ದೆ ಕಾಗದ ಇಟ್ಟು ಒತ್ತಿ, ತಿರುಗುಮುರುಗಾದ ಪ್ರತಿ ತೆಗೆಯುತ್ತಿದ್ದ. ನಾನು ಚಮಚದ ಬೆನ್ನಿನಿಂದ ಉಜ್ಜಿ ತೆಗೆಯುತ್ತೇನೆ. ಕಾಗದ ತೇವವಾಗಿರಬೇಕು, ಆದರೆ ಮೇಲೆ ನೀರು ಮಿಂಚಬಾರದು. ಪ್ರತಿ ತುಸು ಮಸುಕಾಗಿ ಬರುತ್ತದೆ. ಅದನ್ನು ಗುರುತಿಸುವುದೂ ಸುಲಭ: ಬಲಗೈಯವರ ನೆರಳು ಗೆರೆ ಸಾಮಾನ್ಯವಾಗಿ ಬಲ ಮೇಲಕ್ಕೆ ಓರೆಯಾಗಿರುತ್ತದೆ, ಪ್ರತಿಯಲ್ಲಿ ಎಡ ಮೇಲಕ್ಕೆ.